ಗಿಡದ ಹಾಲು ಬಂದರೆ ಕೊಟ್ಟಿಗೆಯ ಗತಿಯೇನು?

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹೋಟೆಲುಗಳಲ್ಲಿ ಫಿಲ್ಟರ್ ಕಾಫಿಗೆ ಇಂದಿಗೂ ಹಸುವಿನ ಹಾಲೇ ಆಧಾರ. ಬೆಳೆಗಾರನ ಬೀಜ, ಕೊಟ್ಟಿಗೆಯ ಹಾಲು ಎರಡೂ ಒಂದೇ ಲೋಟಕ್ಕೆ ಸೇರುತ್ತವೆ. ಈಗ ಅದೇ ಬಡಾವಣೆಗಳ ಅಂಗಡಿಗಳಲ್ಲಿ ಸೋಯಾ, ಬಾದಾಮಿ, ಓಟ್ಸ್ ಹಾಲಿನ ಪೊಟ್ಟಣಗಳೂ ಸಿಗುತ್ತಿವೆ. ಹಸು ಸಾಕಣೆ ಇನ್ನೆಷ್ಟು ದಿನ ಎಂಬ ಶಂಕೆ ಮೂಡುವುದು ಸಹಜ.

ಆದರೆ ಗಿಡದ ಹಾಲು ನಮ್ಮ ನಾಡಿಗೆ ಹೊಸದಲ್ಲ. ಮಲ್ಲೇಶ್ವರದ ಪಕ್ಕದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1940ರ ದಶಕದಲ್ಲಿಯೇ ಸೋಯಾ ಹಾಲಿನ ಪ್ರಯೋಗಗಳು ನಡೆದವು. ಅಲ್ಲಿ ಜೀವರಸಾಯನ ವಿಭಾಗದಲ್ಲಿದ್ದ ಡಾ. ವಿ. ಸುಬ್ರಹ್ಮಣ್ಯನ್ ಅವರು 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಮೊದಲ ನಿರ್ದೇಶಕರಾದರು. ಈ ಸಂಸ್ಥೆ ಮುಂದೆ ಕಡಲೆಕಾಯಿಯ ಪ್ರೋಟೀನನ್ನು ಹಾಲಿಗೆ ಬೆರೆಸಿ ‘ಮಿಲ್ಟೋನ್’ ಎಂಬ ಪಾನೀಯವನ್ನು ರೂಪಿಸಿತು; ಬೆಂಗಳೂರು ಡೇರಿಯಲ್ಲೂ ಅದು ತಯಾರಾಯಿತು. ಆಗ ಹಾಲಿಗೇ ಕೊರತೆಯಿತ್ತು. ಹಾಲು ಉತ್ಪಾದಕರ ಸಹಕಾರ ಸಂಘಗಳು ಬೆಳೆದು ಹಾಲು ಹೆಚ್ಚಿದ ಮೇಲೆ ಮಿಲ್ಟೋನ್ ಹೆಸರು ಕೇಳುವುದೇ ಅಪರೂಪವಾಯಿತು. (ಬಸವನಗುಡಿಯ ಪರಿಷೆಗೆ ಬರುವ ಕಡಲೆಕಾಯಿ ಮಾತ್ರ ಹುರಿದೇ ಖರ್ಚಾಗುತ್ತದೆ!)

100 ಮಿ.ಲೀ. ಹಸುವಿನ ಹಾಲಿನಲ್ಲಿ ಪ್ರೋಟೀನು 3 ಗ್ರಾಮಿಗಿಂತ ತುಸು ಹೆಚ್ಚು. ಸೋಯಾ ಹಾಲು ಇದರ ಸಮೀಪಕ್ಕೆ ಬರುತ್ತದೆ; ಬಾದಾಮಿ, ಓಟ್ಸ್ ಹಾಲುಗಳಲ್ಲಿ ಸಾಮಾನ್ಯವಾಗಿ 1 ಗ್ರಾಮಿನ ಆಸುಪಾಸು. ಮೇಲಾಗಿ ಡಿಕಾಕ್ಷನ್ನಿನ ಬಿಸಿಗೂ ಹುಳಿಗೂ ಸೋಯಾ ಹಾಲು ಒಡೆಯುವುದುಂಟು. ಲೋಟದ ಕಾಫಿಯ ಮಟ್ಟಿಗೆ ಸದ್ಯಕ್ಕೆ ಭಯವಿಲ್ಲ.

ಎಚ್ಚರ ಬೇಕಾದದ್ದು ಬೇರೆಡೆ. ಸೂಕ್ಷ್ಮಜೀವಿಗಳನ್ನು ತೊಟ್ಟಿಯಲ್ಲಿ ಬೆಳೆಸಿ, ಹಸುವಿಲ್ಲದೆಯೇ ಹಾಲಿನ ಪ್ರೋಟೀನನ್ನು ಪಡೆಯುವ ವಿಧಾನ ಬಂದಿದೆ. ಅಂಥ ಪ್ರೋಟೀನಿನ ಐಸ್‌ಕ್ರೀಂ ಅಮೆರಿಕದಲ್ಲಿ 2019ರಲ್ಲೇ ಮಾರಾಟವಾಯಿತು. ಇದು ಅಗ್ಗವಾದರೆ ಮೊದಲ ಪೆಟ್ಟು ಹಾಲಿನ ಪುಡಿಗೆ. ಮಿಕ್ಕ ಹಾಲನ್ನು ಒಕ್ಕೂಟಗಳು ಪುಡಿ ಮಾಡುವುದರಿಂದ, ಪುಡಿಯ ದರ ಕುಸಿದರೆ ಸಂಘದಲ್ಲಿ ನಮಗೆ ಸಿಗುವ ದರಕ್ಕೂ ಅದು ತಟ್ಟೀತು.

ಹಾಗೆಂದು ಹಸು ಮಾರಲು ಹೊರಡುವ ಮುನ್ನ ಗೊಬ್ಬರದ ಲೆಕ್ಕ ಹಾಕತಕ್ಕದ್ದು. ಫಲ ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ ತಲಾ 12 ಕಿಲೋ ಹಸಿರು ಸೊಪ್ಪು ಹಾಗೂ ಕೊಟ್ಟಿಗೆ ಗೊಬ್ಬರ ಕೊಡಬೇಕೆಂಬುದು ಶಿಫಾರಸು. 500 ಮರಗಳಿಗೆ 6 ಟನ್ ಗೊಬ್ಬರವಾಯಿತು. ದಿನಕ್ಕೆ 10 ಕಿಲೋ ಸಗಣಿ ಹಾಕುವ ಹಸುವಿನಿಂದ ವರ್ಷಕ್ಕೆ ಮೂರೂವರೆ ಟನ್ನಿಗೂ ಮೇಲ್ಪಟ್ಟು ಹಸಿ ಸಗಣಿ ಸಿಗುತ್ತದೆ. ಅದು ಕೊಳೆತು ಒಣಗಿದಾಗ ತೂಕ ಇಳಿಯುತ್ತದೆ. ಕೊಟ್ಟಿಗೆಗೆ ಹಾಸಿದ ಸೊಪ್ಪು, ಒಣಗಿದ ಎಲೆ ಆ ಕೊರತೆಯನ್ನು ಅಷ್ಟಿಷ್ಟು ತುಂಬುತ್ತವೆ. ಇದನ್ನೇ ಲಾರಿಯಲ್ಲಿ ತರಿಸಿದರೆ ಬಾಡಿಗೆ ಸೇರಿ ಏನು ಬೀಳುತ್ತದೆಂದು ನಿಮ್ಮ ಊರಿನ ದರದಲ್ಲಿ ಬರೆದು, ಹಾಲಿನ ಆದಾಯಕ್ಕೆ ಕೂಡಿಸಿ. ಹಿಂಡಿಯ ಖರ್ಚು, ಆಳಿನ ಕೂಲಿಯನ್ನು ಎದುರಿಗೆ ಬರೆಯಿರಿ.

ಪೇಟೆಯ ಹಿಂಡಿಯನ್ನೇ ನಂಬಿ ಹೆಚ್ಚು ಹಾಲಿನ ನಾಲ್ಕು ಹಸು ಕಟ್ಟಿದವರಿಗೆ ದರ ಇಳಿದ ವರ್ಷ ಕಷ್ಟವೇ. ತೋಟದ ಬದುವಿನ ಹುಲ್ಲಿನಲ್ಲಿ ಬಹುಪಾಲು ಹೊಟ್ಟೆ ತುಂಬುವ ಎರಡು ಹಸುಗಳಿದ್ದರೆ ಅಷ್ಟು ಭಾರವಾಗದೆಂದು ನನ್ನ ಅಭಿಪ್ರಾಯ. ಸಾಲ ಮಾಡಿ ಕೊಟ್ಟಿಗೆ ಹಿಗ್ಗಿಸಬೇಕೆಂದಿರುವವರು ಕಂತು ಗೊತ್ತುಮಾಡುವಾಗ ಇಂದಿನ ಹಾಲಿನ ದರಕ್ಕಿಂತ ಎರಡು ಮೂರು ರೂಪಾಯಿ ಕಡಿಮೆ ಹಿಡಿದು ಲೆಕ್ಕ ನೋಡಲಿ.