ಧ್ರುವಪ್ರದೇಶ ಬೆಚ್ಚಗಾದರೆ ಹಿಮಪಾತ ಹೆಚ್ಚುವುದೇ?

ಕಾವೇರಿದಲ್ಲಿ ಹಿಮ ಕರಗುವುದು ಸಹಜವಷ್ಟೆ. ಆದರೆ ಭೂಮಿಯ ಹಿಂದಿನ ವಾಯುಗುಣವನ್ನು ಶೋಧಿಸಿದ ವಿಜ್ಞಾನಿಗಳು ಇದಕ್ಕೆ ವಿರುದ್ಧವೆಂದು ತೋರುವ ಸಂಗತಿಯೊಂದನ್ನು ಕಂಡಿದ್ದಾರೆ. ಧ್ರುವಪ್ರದೇಶಗಳು ಬೆಚ್ಚಗಾದ ಕಾಲಗಳಲ್ಲಿ ಅಲ್ಲಿ ಬೀಳುವ ಹಿಮವು ಸಾಮಾನ್ಯವಾಗಿ ಹೆಚ್ಚಿತು. ಇದು ಹೇಗೆ ಸಾಧ್ಯ? ಹೀಗೆ ಹೆಚ್ಚುವ ಹಿಮವು ಇಂದು ಕರಗುತ್ತಿರುವ ಮಂಜುಗಡ್ಡೆಯ ನಷ್ಟವನ್ನು ತುಂಬಿಕೊಡಬಲ್ಲುದೇ? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಮಾಡೋಣ.

ಒಂದು ಘನಮೀಟರು ಗಾಳಿಯಲ್ಲಿ ಇರಬಹುದಾದ ನೀರಾವಿಗೆ ಒಂದು ಮಿತಿಯುಂಟು. ಆ ಮಿತಿಯು ಉಷ್ಣತೆಯನ್ನು ಅವಲಂಬಿಸಿದೆ. 30 ಡಿಗ್ರಿ ಸೆಂಟಿಗ್ರೇಡಿನಲ್ಲಿ ಅದು ಸುಮಾರು 30 ಗ್ರಾಂ. ಶೂನ್ಯ ಡಿಗ್ರಿಯಲ್ಲಿ ಸುಮಾರು 5 ಗ್ರಾಂ. ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ ಸುಮಾರು 1 ಗ್ರಾಂ ಮಾತ್ರ. ಅಂಟಾರ್ಕ್ಟಿಕದ ಒಳನಾಡಿನಲ್ಲಿ ಚಳಿ ಇನ್ನೂ ತೀವ್ರ. ಅಲ್ಲಿನ ವೋಸ್ತೋಕ್ ಠಾಣೆಯಲ್ಲಿ ವರ್ಷವೊಂದರಲ್ಲಿ ಬೀಳುವ ಹಿಮವನ್ನೆಲ್ಲ ಕರಗಿಸಿದರೆ ಸುಮಾರು 2 ಸೆಂಟಿಮೀಟರು ಎತ್ತರದ ನೀರು ದೊರೆಯುವುದು. ಕಾಲಕೆಳಗೆ ಮೂರು ಕಿಲೋಮೀಟರಿಗೂ ಮಿಕ್ಕಿದ ದಪ್ಪದ ಮಂಜುಗಡ್ಡೆಯಿದ್ದರೂ, ಮಳೆಯ ಲೆಕ್ಕದಲ್ಲಿ ಆ ಪ್ರದೇಶವು ಮರುಭೂಮಿಯೇ ಸರಿ. ಅಲ್ಲಿ ಚಳಿಗೆ ಕೊರತೆಯಿಲ್ಲ, ಕೊರತೆಯಿರುವುದು ನೀರಾವಿಗೆ.

ಇಂಥ ಸ್ಥಳದಲ್ಲಿ ಉಷ್ಣತೆಯು ಶೂನ್ಯಕ್ಕಿಂತ 30 ಡಿಗ್ರಿ ಕೆಳಗಿನಿಂದ 20 ಡಿಗ್ರಿ ಕೆಳಗಿನವರೆಗೆ ಏರಿತೆಂದು ಭಾವಿಸೋಣ. ಆಗ ಗಾಳಿಯಲ್ಲಿರಬಹುದಾದ ನೀರಾವಿಯು ಸುಮಾರು ಎರಡೂವರೆ ಪಟ್ಟಾಗುವುದು. ಇಷ್ಟಾದರೂ ಹವೆಯು ಘನೀಭವನ ಬಿಂದುವಿಗಿಂತ ಬಹಳ ಕೆಳಗೇ ಇರುವುದರಿಂದ, ಬೀಳುವುದು ಹಿಮವೇ. ಬಿದ್ದ ಹಿಮ ಕರಗುವುದೂ ಇಲ್ಲ. ಮೇಲಿನ ಮೊದಲ ಪ್ರಶ್ನೆಗೆ ಉತ್ತರ ಇದರಲ್ಲಿಯೇ ಅಡಗಿದೆ.

ಈ ತರ್ಕಕ್ಕೆ ಸಾಕ್ಷ್ಯವು ಗ್ರೀನ್‌ಲೆಂಡಿನ ಮಂಜುಗಡ್ಡೆಯಲ್ಲಿ ದೊರೆತಿದೆ. ಅಲ್ಲಿ ಪ್ರತಿವರ್ಷ ಬಿದ್ದ ಹಿಮವು ಒಂದು ಪದರವಾಗಿ ಉಳಿಯುತ್ತದೆ. 1989ರಿಂದ 1993ರವರೆಗೆ ಅಮೆರಿಕದ ವಿಜ್ಞಾನಿಗಳು 3,053 ಮೀಟರು ಆಳದವರೆಗೆ ಕೊರೆದು, ಉದ್ದವಾದ ಮಂಜಿನ ಕಂಬವನ್ನು ಹೊರತೆಗೆದರು. ಮರದ ಉಂಗುರಗಳಂತೆ ಪದರಗಳನ್ನು ಎಣಿಸಿದರೆ ಕಾಲವು ತಿಳಿಯುತ್ತದೆ. ಪದರದ ದಪ್ಪದಿಂದ ಆ ವರ್ಷದ ಹಿಮದ ಮೊತ್ತವು ತಿಳಿಯುತ್ತದೆ. ಆಳಕ್ಕೆ ಹೋದಂತೆ ಪದರಗಳು ಮೇಲಿನ ಭಾರದಿಂದ ತೆಳ್ಳಗಾಗಿರುವುದರಿಂದ ಗಣಿತದ ಮೂಲಕ ಅದನ್ನು ಸರಿಪಡಿಸಿಕೊಳ್ಳಬೇಕು. ಉಷ್ಣತೆಯನ್ನು ಸೂಚಿಸುವುದು ಭಾರವಾದ ಆಮ್ಲಜನಕ. ಈ ಆಮ್ಲಜನಕವುಳ್ಳ ನೀರು ಮೋಡದಿಂದ ಮೊದಲೇ ಇಳಿದುಹೋಗುವುದರಿಂದ, ಚಳಿ ಹೆಚ್ಚಿದಷ್ಟೂ ಧ್ರುವವನ್ನು ತಲಪುವ ಹಿಮದಲ್ಲಿ ಅದರ ಅಂಶ ಕಡಮೆ. ಡೆನ್ಮಾರ್ಕಿನ ವಿಲ್ಲಿ ಡಾನ್ಸ್‌ಗಾರ್ಡ್ ಅವರು ಈ ಸಂಬಂಧವನ್ನು 1964ರಲ್ಲಿ ವಿಶದಪಡಿಸಿದರು.

ಸುಮಾರು 11,700 ವರ್ಷಗಳ ಹಿಂದೆ ‘ಯಂಗರ್ ಡ್ರಯಾಸ್’ ಎಂಬ ಶೀತಕಾಲವು ಕೊನೆಗೊಂಡಿತು. ಆಗ ಗ್ರೀನ್‌ಲೆಂಡಿನ ಉಷ್ಣತೆಯು ಕೆಲವೇ ದಶಕಗಳಲ್ಲಿ ಸುಮಾರು 10 ಡಿಗ್ರಿಗಳಷ್ಟು ಏರಿತು. ಅದೇ ಸಂಧಿಕಾಲದಲ್ಲಿ ವಾರ್ಷಿಕ ಹಿಮಸಂಚಯವು ಇಮ್ಮಡಿಯಾಯಿತೆಂದೂ, ಈ ಬದಲಾವಣೆ ಪ್ರಾಯಶಃ ಒಂದರಿಂದ ಮೂರು ವರ್ಷಗಳಲ್ಲಿಯೇ ಜರುಗಿತೆಂದೂ ರಿಚರ್ಡ್ ಆಲಿ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನೀರಾವಿಯ ಲೆಕ್ಕವೊಂದನ್ನೇ ನಂಬಿದ್ದರೆ ಹಿಮವು ಎರಡೂವರೆ ಪಟ್ಟಿಗೂ ಹೆಚ್ಚಾಗಬೇಕಿತ್ತು, ಆದುದು ಇಮ್ಮಡಿ. ನೀರಾವಿ ಇದ್ದರಷ್ಟೇ ಸಾಲದು, ಗಾಳಿಯು ಅದನ್ನು ಹೊತ್ತು ತರಬೇಕು. ಬಿರುಗಾಳಿಗಳ ದಾರಿ ಬದಲಾದರೆ, ಕಡಲಿನ ಮೇಲಿನ ಮಂಜಿನ ಹೊದಿಕೆ ಹಿಂದೆ ಸರಿದರೆ, ಹಿಮದ ಮೊತ್ತವೂ ಬದಲಾಗುವುದು. ಅಂಟಾರ್ಕ್ಟಿಕದ ಮಂಜಿನ ಕಂಬಗಳನ್ನೂ ಗಣಕಯಂತ್ರದ ಲೆಕ್ಕಗಳನ್ನೂ ಹೋಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಉಷ್ಣತೆ ಒಂದು ಡಿಗ್ರಿ ಏರಿದರೆ ಆ ಖಂಡದ ಹಿಮಸಂಚಯವು ಶೇಕಡ 5ರಷ್ಟು ಹೆಚ್ಚುವುದೆಂದು ಅಂದಾಜು ಮಾಡಿತು. ಇದು ಇಡೀ ಖಂಡದ ಸರಾಸರಿ. ಪಶ್ಚಿಮ ಅಂಟಾರ್ಕ್ಟಿಕದ ಕಂಬವೊಂದರಲ್ಲಿ ಕೆಲವು ಅವಧಿಗಳಲ್ಲಿ ಈ ಸಂಬಂಧವು ಕಾಣಸಿಗುವುದೇ ಇಲ್ಲ.

ಇನ್ನು ಎರಡನೆಯ ಪ್ರಶ್ನೆ. ಸುಮಾರು 1,25,000 ವರ್ಷಗಳ ಹಿಂದೆ, ಹಿಂದಿನ ಬೆಚ್ಚನೆಯ ಯುಗದಲ್ಲಿ, ಸಮುದ್ರಮಟ್ಟವು ಇಂದಿಗಿಂತ ಹಲವು ಮೀಟರುಗಳಷ್ಟು ಮೇಲಿತ್ತು. ಎಂದರೆ, ಬೀಳುವ ಹಿಮವು ಮಂಜುಗಡ್ಡೆಯ ನಷ್ಟವನ್ನು ಅಂದು ತುಂಬಿಕೊಡಲಿಲ್ಲ. ಹಿಮವು ಮೇಲಿನಿಂದ ಸೇರುತ್ತದೆ; ಆದರೆ ಬೆಚ್ಚನೆಯ ಕಡಲನೀರು ಅಂಚುಗಳನ್ನು ಅಡಿಯಿಂದ ಕರಗಿಸುತ್ತದೆ, ಆಸರೆ ತಪ್ಪಿದ ಮಂಜುಗಡ್ಡೆಯು ಸಮುದ್ರದ ಕಡೆಗೆ ವೇಗವಾಗಿ ಜಾರುತ್ತದೆ. ಗ್ರೀನ್‌ಲೆಂಡಿನಲ್ಲಿ ಬೇಸಗೆಯ ಕರಗುವಿಕೆಯೂ ಇದಕ್ಕೆ ಕೂಡಿಕೊಳ್ಳುತ್ತದೆ. 2002ರಿಂದ ಗುರುತ್ವಾಕರ್ಷಣೆಯನ್ನು ಅಳೆಯುತ್ತ ಬಂದ ಉಪಗ್ರಹಗಳು ಎರಡೂ ಕಡೆಯ ಮಂಜುಗಡ್ಡೆಯು ಒಟ್ಟಿನಲ್ಲಿ ಕ್ಷೀಣಿಸಿರುವುದನ್ನು ತೋರಿಸಿವೆ.

ಆದುದರಿಂದ ಧ್ರುವಗಳಲ್ಲಿ ಹಿಮಪಾತ ಹೆಚ್ಚಿದೆಯೆಂಬ ವಾರ್ತೆಯನ್ನು ಓದಿದಾಗ, ಭೂಮಿ ತಣ್ಣಗಾಗುತ್ತಿದೆಯೆಂದಾಗಲಿ, ಮಂಜುಗಡ್ಡೆ ಸುರಕ್ಷಿತವಾಗಿದೆಯೆಂದಾಗಲಿ ನಾವು ತಿಳಿಯಬಾರದು. ಮೇಲಿನಿಂದ ಬಿದ್ದುದೆಷ್ಟು, ಅಂಚಿನಿಂದ ಹೋದುದೆಷ್ಟು ಎಂಬ ಎರಡನ್ನೂ ಕೂಡಿ ಕಳೆದ ಬಳಿಕವೇ ಸಮುದ್ರಮಟ್ಟದ ಲೆಕ್ಕವು ಪೂರ್ಣವಾಗುವುದು.