ಸಭೆಯಲ್ಲಿ ಮೈಕು ಕೂಗದಿರಲು



ಕಳೆದ ಮಹಾಸಭೆಯಲ್ಲಿ ಮೈಕು ಕುಯ್ಯೆಂದು ಕೂಗಿದ್ದರಿಂದ ಧ್ವನಿ ತಗ್ಗಿಸಬೇಕಾಯಿತು. ಹಿಂದಿನ ಸಾಲಿನ ಹಲವರು ಠರಾವು ಏನೆಂದು ಕೇಳಿಸದೆಯೇ ಕೈ ಎತ್ತಿದರು. ತಪ್ಪು ಯಂತ್ರದ್ದಲ್ಲ, ಅದನ್ನು ಇಟ್ಟ ನಮ್ಮದು.

ಸ್ಪೀಕರಿನ ಸದ್ದು ಮರಳಿ ಮೈಕನ್ನು ಹೊಕ್ಕು, ಮತ್ತೆ ಹಿಗ್ಗಿ ಸುತ್ತುತ್ತಿರುವುದೇ ಈ ಕೂಗಿಗೆ ಕಾರಣ. ಆದ್ದರಿಂದ ಸ್ಪೀಕರುಗಳನ್ನು ಭಾಷಣಕಾರರ ಹಿಂದಿಡದೆ, ಮೈಕಿಗಿಂತ ಮುಂದೆ, ಸಭಿಕರತ್ತ ಮುಖಮಾಡಿ, ಕುಳಿತವರ ತಲೆಗಿಂತ ಎತ್ತರದಲ್ಲಿ ನಿಲ್ಲಿಸಬೇಕು.

ಎರಡನೆಯದು ಅಂತರ. ಬಾಯಿಂದ ಒಂದಡಿ ದೂರವಿರುವ ಮೈಕನ್ನು ಅರ್ಧ ಅಡಿಗೆ ತಂದರೆ ಅದಕ್ಕೆ ಮಾತು ಸುಮಾರು 6 ಡೆಸಿಬಲ್ ಹೆಚ್ಚು ಮುಟ್ಟುತ್ತದೆ. ಅಷ್ಟರಮಟ್ಟಿಗೆ ವಾಲ್ಯೂಮ್ ತಗ್ಗಿಸಬಹುದು. ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿದರೆ ಕೂಗು ಹೆಚ್ಚುವ ಕಾರಣ ಕೆಳಗೆ ಹಿಡಿಯಬೇಕು. ಬಳಸದ ಮೈಕನ್ನು ಆಫ್ ಮಾಡಿಡಬೇಕು.

ಗುಂಯ್‌ಗುಡುತ್ತದೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ಕಿತ್ತುಹಾಕುವುದನ್ನು ಕಂಡಿದ್ದೇವೆ. ಅದು ಜೀವಕ್ಕೇ ಅಪಾಯ. ಮಳೆಗಾಲದ ಒದ್ದೆ ಅಂಗಳದಲ್ಲಂತೂ ಹಾಗೆ ಮಾಡಲೇಕೂಡದು.

ಸಭೆಯ ಮಾತನ್ನು ಡಿಜಿಟಲ್ ರೆಕಾರ್ಡರಿನಲ್ಲಿ ಹಿಡಿಯುವಾಗ, ಗಟ್ಟಿ ಮಾತಿಗೂ ಸೂಚಿಯು ಮೈನಸ್ 12ರ ಆಸುಪಾಸಿನಲ್ಲಿರಲಿ. ಸೊನ್ನೆ ಮುಟ್ಟಿ ಒಡೆದ ಧ್ವನಿ ಮತ್ತೆ ಸರಿಯಾಗಿ ಕೂಡಿಬರದು.

ಮುಂದಿನ ಸಭೆಗೆ ಮುನ್ನ ನಾವೇ ಕೊನೆಯ ಸಾಲಿನಲ್ಲಿ ಕುಳಿತು ಕೇಳಿ ನೋಡುತ್ತೇವೆ. ಆದರೂ ಕೇಳಿಸದಿದ್ದರೆ ತಾವು ಠರಾವಿಗೆ ಕೈ ಎತ್ತದೆ, ಕೂಡಲೇ ಎದ್ದುನಿಂತು ತಿಳಿಸಬೇಕಾಗಿ ಕೋರುತ್ತೇವೆ.