ಖಿಲಾಫತ್ತಿನ ಕಾಲದ ಮುಂಬಯಿ: ಒಂದು ಪಾಠ



ಇಸ್ಲಾಮಿಗೂ ಪಾಶ್ಚಾತ್ಯರಿಗೂ ಎಂದೆಂದಿಗೂ ಆಗಿಬರದು ಎಂಬ ಮಾತನ್ನು ಪತ್ರಿಕೆಗಳ ಮೇಜಿನ ಸುತ್ತ ನಾವು ಆಗಾಗ ಕೇಳುತ್ತೇವೆ. ಇದನ್ನು ಒರೆಗೆ ಹಚ್ಚಿ ನೋಡಲು ದೂರ ಹೋಗಬೇಕಾಗಿಲ್ಲ. ನಮ್ಮ ಬೈಕಲಾದಲ್ಲಿಯೇ ಖಿಲಾಫತ್ ಹೌಸ್ ಇದೆ. ಆ ಹೆಸರಿನ ಹಿಂದಿನ ಕಥೆಯೇ ಸಾಕು.

ಮುಸಲ್ಮಾನರ ಧರ್ಮನಾಯಕನಿಗೆ ಖಲೀಫನೆಂದೂ ಅವನ ಪದವಿಗೆ ಖಿಲಾಫತ್ತೆಂದೂ ಹೆಸರು. ಮೊದಲನೆಯ ಮಹಾಯುದ್ಧದ ಕಾಲಕ್ಕೆ ಆ ಪದವಿ ತುರ್ಕಿಯ ಸುಲ್ತಾನನದಾಗಿತ್ತು; ಯುದ್ಧದಲ್ಲಿ ತುರ್ಕಿ ಬ್ರಿಟನ್ನಿನ ಎದುರು ಪಕ್ಷ. ತುರ್ಕರ ರಾಜಧಾನಿಯನ್ನಾಗಲಿ, ಏಷ್ಯಾ ಮೈನರ್ ಮತ್ತು ಥ್ರೇಸ್ ಪ್ರಾಂತಗಳನ್ನಾಗಲಿ ಕಸಿಯಲು ತಾವು ಕಾದುತ್ತಿಲ್ಲವೆಂದು ಬ್ರಿಟಿಷ್ ಪ್ರಧಾನಿ ಲಾಯ್ಡ್ ಜಾರ್ಜ್ ೧೯೧೮ರ ಜನವರಿಯಲ್ಲಿ ಸಾರಿದ್ದರು. ೧೯೨೦ರ ಸೆವ್ರ್ ಒಪ್ಪಂದವಾದರೋ ಪೂರ್ವ ಥ್ರೇಸಿನ ಬಹುಭಾಗವನ್ನು ಗ್ರೀಸಿಗೆ ಕೊಟ್ಟಿತು.

ಕೊಟ್ಟ ಮಾತು ಮುರಿಯಿತೆಂಬುದು ಇಲ್ಲಿಯ ಮುಸಲ್ಮಾನರ ದೂರು. ೧೯೧೯ರಲ್ಲಿ ವ್ಯಾಪಾರಿ ಮಿಯಾನ್ ಮಹಮ್ಮದ್ ಛೋಟಾನಿಯವರ ಮುಂದಾಳುತನದಲ್ಲಿ ಮುಂಬಯಿಯಲ್ಲಿ ಖಿಲಾಫತ್ ಸಮಿತಿ ಹುಟ್ಟಿತ್ತು. ಗಾಂಧೀಜಿ ಬೆಂಬಲಕ್ಕೆ ನಿಂತರು. ಆಳುವವರಲ್ಲಿ ಹಲವರು ಇದನ್ನು ಬರಿಯ ಮತಾವೇಶವೆಂದು ಜರೆದರು.

ಮುಂದೆ ನಡೆದುದು ದುಃಖದ ಸಂಗತಿ. ೧೯೨೧ರ ನವೆಂಬರ್ ೧೭ರಂದು ಬ್ರಿಟಿಷ್ ಯುವರಾಜ ಮುಂಬಯಿಯಲ್ಲಿಳಿದ. ಬಹಿಷ್ಕಾರಕ್ಕೆ ಕರೆಯಿತ್ತು. ಹಿಂದೂ ಮುಸಲ್ಮಾನರಿಬ್ಬರೂ ಇದ್ದ ಗುಂಪುಗಳು, ಸ್ವಾಗತಕ್ಕೆ ಹೋಗಿದ್ದ ಪಾರ್ಸಿಗಳ ಮತ್ತು ಕ್ರೈಸ್ತರ ಮೇಲೆ ಬಿದ್ದವು. ವಿದೇಶಿ ಟೋಪಿ, ಬಟ್ಟೆ ತೊಟ್ಟವರನ್ನು ಹೊಡೆದವು. ಅವರೂ ತಿರುಗಿಬಿದ್ದರು. ೫೦ಕ್ಕೂ ಹೆಚ್ಚು ಮಂದಿ ಸತ್ತರು; ಗಾಂಧೀಜಿ ಉಪವಾಸ ಕುಳಿತರು. ಮಾತು ಮುರಿದವರು ಲಂಡನ್ನಿನಲ್ಲಿದ್ದರು, ಏಟು ತಿಂದವರು ಪಕ್ಕದ ಗಲ್ಲಿಯವರು!

ಪಾಶ್ಚಾತ್ಯರಾದರೂ ಒಂದೇ ಬಾಯಿಯವರೆ? ಸೆವ್ರ್ ಒಪ್ಪಂದವನ್ನು ತಿದ್ದಬೇಕೆಂಬ ಭಾರತ ಸರಕಾರದ ತಂತಿಯನ್ನು ಮಂತ್ರಿಮಂಡಲದ ಒಪ್ಪಿಗೆಯಿಲ್ಲದೆ ಪ್ರಕಟಿಸಿದ ಬ್ರಿಟಿಷ್ ಸಚಿವ ಮಾಂಟೆಗು ೧೯೨೨ರಲ್ಲಿ ಪದವಿ ಬಿಡಬೇಕಾಯಿತು. ಮುಸಲ್ಮಾನರಾದರೂ ಒಂದೇ ಬಾಯಿಯವರೆ? ೧೯೨೪ರ ಮಾರ್ಚಿನಲ್ಲಿ ಖಿಲಾಫತ್ತನ್ನು ತೆಗೆದುಹಾಕಿದುದು ಬ್ರಿಟನ್ನಲ್ಲ, ಅಂಕಾರಾದ ತುರ್ಕಿ ಶಾಸನಸಭೆ! ೧೯೨೬ರಲ್ಲಿ ಅದೇ ಸಭೆ ಸ್ವಿಟ್ಜರ್ಲೆಂಡಿನ ನಾಗರಿಕ ಕಾನೂನನ್ನು ತನ್ನದಾಗಿ ಮಾಡಿಕೊಂಡಿತು.

ಟೀಕೆ ಬೇಡವೆಂದು ನಾವು ಹೇಳುತ್ತಿಲ್ಲ. ಮುರಿದ ಮಾತನ್ನು ಮುರಿದ ಮಾತೆಂದೇ ಹೇಳಬೇಕು. ಆದರೆ ಯಾರು, ಯಾವ ವರ್ಷ, ಏನು ಮಾಡಿದರೆಂದು ಹೆಸರಿಟ್ಟು ಹೇಳಬೇಕು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಾವು, ಒಂದೇ ಚಾಳಿನಲ್ಲಿ ಬಾಳುವ ನೆರೆಯವನಿಂದ ದೂರದ ದೊರೆಗಳ ಲೆಕ್ಕ ಕೇಳದಿರೋಣ.